ಕೊನೆಯ ಕೋಣೆ ತೋರಿಸಿ ಅನ್ನು

"ಚಿಕ್ಕಮ್ಮ, ಅಮ್ಮನಿಗೆ ಒಂದು ಕೇರ್ ಹೋಮ್ ನೋಡ್ತಿದ್ದೀನಿ" ಅಂದವನು ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನಾನು ಬೈಯುತ್ತೇನೆ ಅಂದುಕೊಂಡೆಯೇನೋ. ಬೈಯುವುದಿಲ್ಲ ಕಣಪ್ಪ. ಅಕ್ಕ ನಡುರಾತ್ರಿ ಚಿಲಕ ತೆಗೆದು ಬೀದಿಗೆ ಹೋದದ್ದು, ಗ್ಯಾಸ್ ತಿರುಗಿಸಿ ಹಚ್ಚುವುದನ್ನು ಮರೆತದ್ದು, ನಿನ್ನ ಹೆಂಡತಿ ಸರಿಯಾಗಿ ನಿದ್ದೆ ಮಾಡಿ ತಿಂಗಳುಗಳೇ ಆದದ್ದು, ಎಲ್ಲ ನನಗೆ ಗೊತ್ತು. ನೆಂಟರು ನಾಲ್ಕು ಮಾತು ಅಂದರೆ ಅನ್ನಲಿ. ಅವರಲ್ಲಿ ಒಬ್ಬರಾದರೂ ಬಂದು ಒಂದು ವಾರ ಅಕ್ಕನ ಪಕ್ಕದಲ್ಲಿ ಮಲಗಿದ್ದಾರೆಯೇ? ಹೆತ್ತವರನ್ನು ತೊರೆದುಬಿಟ್ಟ ಮಕ್ಕಳಿಗೆ ಮೂರು ತಿಂಗಳವರೆಗೆ ಜೈಲು ಅಂತ 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುವುದು ನಿಜ. ಆದರೆ ಒಳ್ಳೆಯ ಜಾಗ ಹುಡುಕಿ, ಖರ್ಚು ಹೊತ್ತು, ವಾರವಾರ ಹೋಗಿ ನೋಡಿಕೊಂಡು ಬರುವುದಕ್ಕೆ ತೊರೆಯುವುದು ಅನ್ನುವುದಿಲ್ಲ. ಆ ಭಾರ ಮನಸ್ಸಿನಿಂದ ಇಳಿಸು. ತಪ್ಪು ಮಾಡುತ್ತಿದ್ದೇನೆ ಅಂದುಕೊಂಡು ಹೋದವನಿಗೆ ಕಣ್ಣೆತ್ತಿ ಸರಿಯಾಗಿ ನೋಡುವುದಕ್ಕೂ ಧೈರ್ಯ ಬರುವುದಿಲ್ಲ. ಮೊದಲು ಸಿಕ್ಕಿದ ಕಡೆ ಅಡ್ವಾನ್ಸ್ ಕಟ್ಟಿ ಬಂದುಬಿಡುತ್ತಾನೆ.

ಜಾಗ ನೋಡುವುದಕ್ಕೆ ಮುಂಚೆ ಒಂದು ಕೆಲಸ ಮುಗಿಸು. ಅಕ್ಕನಿಗೆ ಮರೆವು ಈ ತಿಂಗಳು ಒಮ್ಮೆಲೇ ಜಾಸ್ತಿಯಾಯಿತು ಅಂದೆಯಲ್ಲ, ಅದನ್ನು ಡಾಕ್ಟರಿಗೆ ಹೇಳು. ವಯಸ್ಸಾದವರಿಗೆ ಉರಿಮೂತ್ರದ ಸೋಂಕು ಬಂದರೂ ತಲೆ ಕೆಟ್ಟವರ ಹಾಗೆ ಆಡುತ್ತಾರೆ. ರಕ್ತದಲ್ಲಿ ಸೋಡಿಯಂ ಇಳಿದರೂ, ಎಲ್ಲೋ ಬಿದ್ದು ತಲೆಯೊಳಗೆ ರಕ್ತ ಕಟ್ಟಿದ್ದರೂ ಹಾಗೇ. ಬಿ12, ಥೈರಾಯ್ಡ್ ಕೂಡ ನೋಡಿಸು. ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಪ್ರತ್ಯೇಕ ವಿಭಾಗವಿದೆ, ಅಲ್ಲಿ ತೋರಿಸಿದರೆ ಯಾವ ಬಗೆಯ ಡಿಮೆನ್ಷಿಯಾ ಅನ್ನುವುದೂ ತಿಳಿಯುತ್ತದೆ. ಅದನ್ನು ಬರೆಸಿಕೊಂಡು ಬಾ. ಅದು ಯಾಕೆ ಬೇಕು ಅಂತ ಮಾತ್ರೆಯ ವಿಷಯ ಬಂದಾಗ ಹೇಳುತ್ತೇನೆ.

ಈಗ ಹೋಮ್‌ಗಳ ಮಾತು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಈ ಕಾಯಿಲೆ ಇದೆ ಅನ್ನುವುದು 2023ರಲ್ಲಿ ಹೊರಬಂದ ಅಧ್ಯಯನದ ಅಂದಾಜು. ನೂರಕ್ಕೆ ಏಳು ಜನಕ್ಕಿಂತ ಹೆಚ್ಚಾಯಿತು. ಇಷ್ಟು ಜನರಿರುವಾಗ ಬೆಂಗಳೂರಿನಂಥ ಊರಿನಲ್ಲಿ ಈ ಕೆಲಸವನ್ನು ಕಲಿತು ಮಾಡುವವರೂ ಇದ್ದಾರೆ, ಬಾಡಿಗೆಗೆ ಮನೆ ಹಿಡಿದು ಬೋರ್ಡ್ ಬರೆಸಿ ಕೂತವರೂ ಇದ್ದಾರೆ. ಬಾಗಿಲಲ್ಲಿ ನಿಂತರೆ ಎರಡೂ ಒಂದೇ ಥರ ಕಾಣುತ್ತವೆ.

ಅದಕ್ಕೇ ಹೇಳುತ್ತೇನೆ, ಈಗಿನ ಅಕ್ಕನಿಗೆ ಜಾಗ ಹುಡುಕಬೇಡ. ಇನ್ನೆರಡು ಮೂರು ವರ್ಷ ಕಳೆದ ಮೇಲಿನ ಅಕ್ಕನಿಗೆ ಹುಡುಕು.

ಈಗ ಅವಳು ನಡೆಯುತ್ತಾಳೆ, ತಾನೇ ಕಲಸಿಕೊಂಡು ಉಣ್ಣುತ್ತಾಳೆ, ದೇವರನಾಮ ಹಾಕಿದರೆ ತಾಳ ತಟ್ಟುತ್ತಾಳೆ. ಇಂಥವರನ್ನು ಯಾವ ಹೋಮ್‌ನವರಾದರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಮ್ಯಾನೇಜರು ನಿನ್ನನ್ನು ಕರೆದೊಯ್ಯುವುದೂ ಇಂಥವರು ಕೂತಿರುವ ಹಾಲ್‌ಗೇ. ಗೋಡೆ ಮೇಲೆ ಬಣ್ಣದ ಚಿತ್ರ, ಹುಟ್ಟುಹಬ್ಬದ ಫೋಟೋ, ಒಂದು ಕೇರಂ ಬೋರ್ಡು. ನೋಡಿ ಸಂತೋಷಪಡು, ಬೇಡ ಅನ್ನುವುದಿಲ್ಲ. ಆದರೆ ಈ ಕಾಯಿಲೆ ಅಲ್ಲಿಗೇ ನಿಲ್ಲುವುದಿಲ್ಲ. ನಡಿಗೆ ಹೋಗುತ್ತದೆ, ಮಾತು ಹೋಗುತ್ತದೆ, ಕೊನೆಕೊನೆಗೆ ನುಂಗುವುದೂ ಕಷ್ಟವಾಗುತ್ತದೆ. ಆಗ ಅಕ್ಕ ಇರುವುದು ಆ ಹಾಲ್‌ನಲ್ಲಲ್ಲ. ಹಾಗಾಗಿ ಹಾಲ್ ನೋಡಿ ಆದ ಮೇಲೆ, "ಹಾಸಿಗೆ ಹಿಡಿದವರು ಎಲ್ಲಿದ್ದಾರೆ? ಆ ಕೋಣೆ ತೋರಿಸಿ" ಅನ್ನು. ಸಾಮಾನ್ಯವಾಗಿ ಅದು ಹಿಂದುಗಡೆ ಇರುತ್ತದೆ ಇಲ್ಲವೇ ಮೇಲಿನ ಮಹಡಿಯಲ್ಲಿ. "ಅವರಿಗೆ ತೊಂದರೆಯಾಗುತ್ತೆ ಸರ್" ಅಂದರೆ ಆ ಮಾತಿನಲ್ಲಿ ನ್ಯಾಯವಿದೆ. ಮನೆಯವರ ಒಪ್ಪಿಗೆ ಕೇಳಿ ನಾಳೆ ತೋರಿಸಿ ಅನ್ನು. ನಾಳೆಯೂ ಆಗುವುದಿಲ್ಲ, ನಾಡಿದ್ದೂ ಆಗುವುದಿಲ್ಲ ಅಂದರೆ ಆ ಜಾಗ ಬೇಡ.

ಒಳಗೆ ಹೋದಾಗ ಏನು ನೋಡಬೇಕು? ಕೆಲಸದುದ್ದಕ್ಕೂ ವಾರ್ಡಿನಲ್ಲಿ ರೌಂಡ್ಸ್ ಮಾಡಿದವಳು ನಾನು, ನನ್ನ ಕಣ್ಣು ಮೊದಲು ಹೋಗುವುದು ತುಟಿಗೆ. ತುಟಿ ಒಡೆದು ನಾಲಿಗೆ ಒಣಗಿದ್ದರೆ ಅವರಿಗೆ ನೀರು ಸಾಕಷ್ಟು ಹೋಗುತ್ತಿಲ್ಲ, ಬಾಯಿ ಯಾರೂ ಒರೆಸುತ್ತಿಲ್ಲ ಅಂತ ಲೆಕ್ಕ. ಆಮೇಲೆ ಉಗುರು. ಆಮೇಲೆ ಹಿಮ್ಮಡಿ, ಅದರ ಕೆಳಗೆ ಮೆತ್ತನೆಯದೇನಾದರೂ ಇಟ್ಟಿದ್ದಾರೆಯೇ ಅಂತ. ಗಾಳಿಹಾಸಿಗೆ ಇದ್ದರೆ ಸಾಲದು, ಅದರ ಮೋಟರ್ ಓಡುತ್ತಿದೆಯೇ ನೋಡು. ಪ್ಲಗ್ ಕಿತ್ತಿಟ್ಟ ಗಾಳಿಹಾಸಿಗೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದನ್ನು ಬರೆದಿಡುವ ಚಾರ್ಟ್ ಮಂಚದ ಹತ್ತಿರ ಇರುತ್ತದೆ. ಕೈಗೆ ತೆಗೆದುಕೊಂಡು ಓದು. ಬೆಳಿಗ್ಗೆಯಿಂದ ರಾತ್ರಿಯವರೆಗಿನ ಸಹಿಯೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಇದ್ದರೆ ಅದು ಡ್ಯೂಟಿ ಬಿಡುವ ಹೊತ್ತಿಗೆ ಕೂತು ತುಂಬಿದ ಚಾರ್ಟು. ನಿಜವಾದ ಚಾರ್ಟಿನಲ್ಲಿ ಮೂರು ಕೈಬರಹ ಇರುತ್ತದೆ, ಒಂದೆರಡು ಕಡೆ ಹೊತ್ತು ತಪ್ಪಿರುತ್ತದೆ, ಎಲ್ಲೋ ಒಂದು ಸಾರಿನ ಕಲೆಯೂ ಇರಬಹುದು. "ಎಷ್ಟು ಜನಕ್ಕೆ ಬೆಡ್‌ಸೋರ್ ಇದೆ? ಬರುವಾಗಲೇ ಇತ್ತೋ, ಇಲ್ಲಿಗೆ ಬಂದ ಮೇಲೆ ಆಯಿತೋ?" ಅಂತ ನೇರವಾಗಿ ಕೇಳು. ಈ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ನರ್ಸ್ ಇದ್ದರೆ ನನಗೆ ಅರ್ಧ ನೆಮ್ಮದಿ.

ಸಾಧ್ಯವಾದರೆ ಮಧ್ಯಾಹ್ನ ಊಟದ ಹೊತ್ತಿಗೇ ಹೋಗಿ ಅಲ್ಲೊಂದು ಮೂಲೆಯಲ್ಲಿ ಹತ್ತು ನಿಮಿಷ ಕೂತುಕೋ. ಕೈಲಾಗದವರಿಗೆ ಉಣಿಸುವುದನ್ನು ನೋಡಿದರೆ ಆ ಹೋಮ್ ಏನು ಅನ್ನುವುದು ಗೊತ್ತಾಗಿಬಿಡುತ್ತದೆ. ಉಣಿಸುವವಳು ಕೂತಿರಬೇಕು, ನಿಂತಿರಬಾರದು. ಉಣ್ಣುವವರ ಬೆನ್ನು ನೆಟ್ಟಗಿರಬೇಕು, ಗದ್ದ ಸ್ವಲ್ಪ ಬಾಗಿರಬೇಕು. ಅರ್ಧ ಚಮಚ ಬಾಯಿಗಿಟ್ಟು, ನುಂಗಿದ್ದು ಗಂಟಲಲ್ಲಿ ಕಾಣುವವರೆಗೆ ಕಾದು, ಆಮೇಲೆ ಇನ್ನರ್ಧ ಚಮಚ. ಒಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತದೆ. ಅಲ್ಲಿ ಒಬ್ಬಳೇ ಹುಡುಗಿ ನಾಲ್ಕು ಜನರನ್ನು ಸಾಲಾಗಿ ಕೂರಿಸಿಕೊಂಡು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಓಡುತ್ತಿದ್ದರೆ, ಇಲ್ಲವೇ ಮಲಗಿದ ಹಾಗೇ ಗಂಜಿ ಸುರಿಯುತ್ತಿದ್ದರೆ, ಅನ್ನ ಶ್ವಾಸಕೋಶಕ್ಕೆ ಹೋಗುತ್ತದೆ. ಈ ಕಾಯಿಲೆಯವರಲ್ಲಿ ಎಷ್ಟೋ ಜನ ಕೊನೆಗೆ ಹೋಗುವುದು ಹಾಗೆ ಬರುವ ನ್ಯುಮೋನಿಯಾದಿಂದಲೇ. ಆ ಹುಡುಗಿಯ ಮೇಲೆ ಸಿಟ್ಟಾಗಬೇಡ. ಅವಳಿಗೆ ನಾಲ್ಕು ಜನರನ್ನು ಒಪ್ಪಿಸಿದವರನ್ನು ಕೇಳು.

ಎರಡನೇ ಸಲ ಹೋಗುವಾಗ ಹೇಳದೆ ಹೋಗು, ಸಂಜೆ ಐದೂವರೆಯ ಮೇಲೆ ಹೋಗು. ಮರೆವಿನ ಕಾಯಿಲೆಯವರಿಗೆ ಹೊತ್ತಿಳಿಯುವಾಗ ಕಳವಳ ಏರುತ್ತದೆ, ನಿಮ್ಮ ಮನೆಯಲ್ಲೇ ನೋಡಿದ್ದೀಯ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಹೋಮೂ ಶಾಂತವಾಗಿರುತ್ತದೆ. ಸಂಜೆ ಯಾರಾದರೂ ಒಬ್ಬರು ಬಾಗಿಲ ಹತ್ತಿರ ನಿಂತು "ಮನೆಗೆ ಹೋಗಬೇಕು, ಮಕ್ಕಳು ಸ್ಕೂಲಿಂದ ಬರ್ತವೆ" ಅನ್ನುತ್ತಲೇ ಇರುತ್ತಾರೆ. ಅವರಿಗೆ ಏನು ಉತ್ತರ ಸಿಗುತ್ತದೆ ಕೇಳಿಸಿಕೋ. "ಇದೇ ಮನೆ, ಸುಮ್ನೆ ಕೂತ್ಕೊಳ್ಳಿ ಅಜ್ಜಿ" ಅಂತ ಭುಜ ಒತ್ತಿ ಕೂರಿಸುವವರು ಕೆಲಸ ಕಲಿತವರಲ್ಲ. "ನಿಮ್ಮ ಯಜಮಾನ್ರು ಹೋಗಿ ಎಷ್ಟು ವರ್ಷ ಆಯ್ತು, ಯಾವ ಮಕ್ಕಳು?" ಅನ್ನುವವರಂತೂ ಆ ಜೀವಕ್ಕೆ ಗಂಡ ಸತ್ತ ಸುದ್ದಿಯನ್ನು ದಿನಾ ಸಂಜೆ ಹೊಸದಾಗಿ ಹೇಳುತ್ತಾರೆ. ಕೆಲಸ ಬಲ್ಲವಳು ಕೈ ಹಿಡಿಯುತ್ತಾಳೆ, "ಎಷ್ಟನೇ ಕ್ಲಾಸು ಮಕ್ಕಳು? ಬನ್ನಿ, ಬರುವ ಹೊತ್ತಿಗೆ ಇಷ್ಟು ಅವರೆಕಾಯಿ ಸುಲಿದಿಡೋಣ" ಅನ್ನುತ್ತಾ ಜೊತೆಗೆ ನಾಲ್ಕು ಹೆಜ್ಜೆ ನಡೆಯುತ್ತಾಳೆ. ಇದನ್ನು ಸುಳ್ಳು ಹೇಳುವುದು ಅಂತ ನಾನು ತಿಳಿಯುವುದಿಲ್ಲ. ಅವರು ಇರುವ ಕಾಲಕ್ಕೆ ತಾನೂ ಹೋಗಿ ನಿಲ್ಲುವುದು ಅದು. ಟೀವಿಯಲ್ಲಿ ಯಾರೂ ನೋಡದ ಸೀರಿಯಲ್ ಜೋರಾಗಿ ಓಡುತ್ತಿದ್ದು, ಎಲ್ಲರೂ ಗೋಡೆಗೊರಗಿ ಕೂತಿದ್ದರೆ ಅಲ್ಲಿ ಸಂಜೆ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ ಅಂತ ಗೊತ್ತಾಯಿತು.

ಭಾಷೆಯ ವಿಷಯ ಇಲ್ಲೇ ಬರುತ್ತದೆ. ಬೆಂಗಳೂರಿನ ಹೋಮ್‌ಗಳಲ್ಲಿ ದುಡಿಯುವ ಹುಡುಗ ಹುಡುಗಿಯರಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದ ಬಂದವರು ಬಹಳ. ತಾಯಿಗೆ ಮಾಡಿದ ಹಾಗೆ ಮಾಡುವವರು ಅವರಲ್ಲಿದ್ದಾರೆ, ಅವರ ಬಗ್ಗೆ ನನ್ನದೊಂದು ದೂರೂ ಇಲ್ಲ. ಆದರೆ ಅಕ್ಕನ ಹಿಂದಿ ಈಗಾಗಲೇ ಹೋಗಿದೆ. ಜೀವನವಿಡೀ ಮಕ್ಕಳಿಗೆ ಕಲಿಸಿದ ಇಂಗ್ಲಿಷೂ ಹೋಗುತ್ತಿದೆ. ಆಮೇಲೆ ಕಲಿತದ್ದು ಮೊದಲು ಹೋಗುತ್ತದೆ, ಹಾಸನದ ಮನೆಯಲ್ಲಿ ಅವ್ವನಿಂದ ಬಂದ ಕನ್ನಡ ಕೊನೆಯವರೆಗೆ ಉಳಿಯುತ್ತದೆ. ಅವಳು "ಹಿತ್ತಲಿಗೆ ಹೋಗಬೇಕು" ಅಂದರೆ ಕಕ್ಕಸಿಗೆ ಹೋಗಬೇಕು ಅಂತ ನಿನಗೂ ನನಗೂ ಗೊತ್ತು. ಗೊತ್ತಿಲ್ಲದವರು ಹೊರಗೆ ಓಡಿಹೋಗಲು ಹೊರಟಿದ್ದಾಳೆ ಅಂತ ಬಾಗಿಲು ಅಡ್ಡ ಹಾಕುತ್ತಾರೆ, ಅವಳು ಕೂಗಾಡುತ್ತಾಳೆ, ಸೀರೆ ಒದ್ದೆಯಾಗುತ್ತದೆ, ಪುಸ್ತಕದಲ್ಲಿ "ಹಟ ಮಾಡುತ್ತಾರೆ" ಅಂತ ಬರೆಯುತ್ತಾರೆ. ಆದ್ದರಿಂದ ಪ್ರತಿ ಪಾಳಿಯಲ್ಲೂ, ರಾತ್ರಿ ಪಾಳಿಯಲ್ಲೂ, ಕನ್ನಡ ಬಲ್ಲ ಒಬ್ಬರಾದರೂ ಇದ್ದಾರೆಯೇ ಕೇಳು. ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡ. ಅವಳು ಬಳಸುವ ಇಂಥ ಮಾತುಗಳನ್ನೆಲ್ಲ ನೀನೂ ಸೊಸೆಯೂ ಕೂತು ಒಂದು ಹಾಳೆಯಲ್ಲಿ ಬರೆದು ಅವಳ ಮಂಚದ ಮೇಲ್ಗಡೆ ಅಂಟಿಸಿ. ಯಾವ ಕಿವಿ ಮಂದ, ಬಿಸಿನೀರೋ ಉಗುರುಬೆಚ್ಚಗಿನದೋ, ಯಾವ ಹಾಡಿಗೆ ಸಮಾಧಾನ ಆಗುತ್ತಾಳೆ, ಅವನ್ನೂ ಬರೆಯಿರಿ.

ಮಾತ್ರೆ ಮತ್ತು ಕಟ್ಟಿಹಾಕುವುದು. ಇವೆರಡನ್ನು ಕೇಳಲು ಸಂಕೋಚ ಆಗುತ್ತದೆ, ಆದರೂ ಬಿಡಬೇಡ. ಕೆಲಸದವರು ಕಡಿಮೆಯಿದ್ದ ಕಡೆ ರೋಗಿಗಳನ್ನು ಮಾತ್ರೆ ಕೊಟ್ಟು ತಣ್ಣಗೆ ಕೂರಿಸುವುದು ಸುಲಭ. ಹಗಲೆಲ್ಲ ಜೊಲ್ಲು ಸುರಿಸುತ್ತಾ ತೂಕಡಿಸುವವರು ಬಹಳ ಜನ ಕಂಡರೆ ಅನುಮಾನ ಪಡು. ಮನೋರೋಗಕ್ಕೆ ಕೊಡುವ ಈ ಗುಂಪಿನ ಔಷಧಿಗಳಿಂದ ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಕೆ ಹಾಕಿಸಿದ್ದಾರೆ. ಒಮ್ಮೊಮ್ಮೆ ಕೊಡಲೇಬೇಕಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಯಾವ ಡಾಕ್ಟರು ಬರೆದರು, ಎಷ್ಟು ದಿನಕ್ಕೆ, ಮತ್ತೆ ನೋಡುವುದು ಯಾವಾಗ, ಇದಕ್ಕೆ ಉತ್ತರ ಇರಬೇಕು, ನಿನಗೆ ತಿಳಿಸದೆ ಹೊಸ ಮಾತ್ರೆ ಶುರುವಾಗಬಾರದು. ಲೂಯಿ ಬಾಡಿ ಅನ್ನುವ ಬಗೆಯ ಡಿಮೆನ್ಷಿಯಾ ಇದ್ದವರಿಗಂತೂ ಹ್ಯಾಲೊಪೆರಿಡಾಲ್ ಥರದ ಮದ್ದು ಮೈಯನ್ನೇ ಮರಗಟ್ಟಿಸಿ ಜೀವಕ್ಕೆ ಕುತ್ತು ತರಬಹುದು. ಯಾವ ಬಗೆ ಅಂತ ಬರೆಸಿಕೊಂಡು ಬಾ ಅಂದದ್ದು ಇದಕ್ಕೇ.

ಕಟ್ಟುವುದು ಅಂದರೆ ಹಗ್ಗದಲ್ಲೇ ಆಗಬೇಕಿಲ್ಲ. ಹಳೆ ಸೀರೆ ಹರಿದು ಸೊಂಟಕ್ಕೆ ಸುತ್ತಿ ಗಾಲಿಕುರ್ಚಿಗೆ ಬಿಗಿದಿರುತ್ತಾರೆ, ಮೇಲೆ ಶಾಲು ಹೊದಿಸಿರುತ್ತಾರೆ. "ಬೀಳ್ತಾರೆ ಸರ್, ಅದಕ್ಕೆ" ಅನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರು ಒಪ್ಪಿದ ಮೇಲೆ, ಬೇಕಾದಷ್ಟು ಹೊತ್ತು ಮಾತ್ರ ಹಾಗೆ ಮಾಡಬಹುದು. ಸಿಬ್ಬಂದಿಯ ಅನುಕೂಲಕ್ಕೆ ಕಟ್ಟುವಂತಿಲ್ಲ. "ನಮ್ಮಲ್ಲಿ ಇದುವರೆಗೆ ಒಬ್ಬರೂ ಬಿದ್ದಿಲ್ಲ" ಅಂತ ಹೆಮ್ಮೆಯಿಂದ ಹೇಳಿದರೆ ನಂಬಬೇಡ. ನಡೆಯಲು ಬಿಟ್ಟರೆ ಒಮ್ಮೊಮ್ಮೆ ಬಿದ್ದೇ ಬೀಳುತ್ತಾರೆ. ಬಿದ್ದದ್ದನ್ನು ಬರೆದ ಪುಸ್ತಕ ತೋರಿಸಿ, "ಅವತ್ತು ಹೀಗಾಯಿತು, ಆಮೇಲೆ ಇಲ್ಲಿ ಕೈಹಿಡಿ ಹಾಕಿಸಿದೆವು" ಅನ್ನುವವರು ನನಗೆ ಹೆಚ್ಚು.

ರಾತ್ರಿ ಎಷ್ಟು ಜನ ಇರುತ್ತಾರೆ, ಅವರಲ್ಲಿ ಓದಿದ ನರ್ಸ್ ಎಷ್ಟು, ಅವರು ಎಚ್ಚರ ಇರುವವರೋ ಮಲಗುವವರೋ? "ಇಪ್ಪತ್ತನಾಲ್ಕು ಗಂಟೆ ಸ್ಟಾಫ್ ಇದ್ದಾರೆ" ಅನ್ನುವುದು ಉತ್ತರವಲ್ಲ. ಸ್ನಾನ ಎಷ್ಟು ಗಂಟೆಗೆ ಅಂತಲೂ ಕೇಳು. ಪಾಳಿ ಬದಲಾಗುವ ಮುಂಚೆ ಕೆಲಸ ಮುಗಿಯಲಿ ಅಂತ ನಸುಕಿನಲ್ಲಿ ನಾಲ್ಕು ಗಂಟೆಗೆ ಎಬ್ಬಿಸಿ ಸಾಲಾಗಿ ನೀರು ಹೊಯ್ಯುವ ಕಡೆಗಳಿವೆ.

ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀನು ಎಂಜಿನಿಯರು. ಹೊಳೆಯುವ ಟೈಲ್ಸ್ ಇವರ ಕಣ್ಣಿಗೆ ನೀರು ನಿಂತ ಹಾಗೆ, ಕಪ್ಪು ಕಾಲೊರಸು ಗುಂಡಿಯ ಹಾಗೆ ಕಾಣುತ್ತದೆ, ದೊಡ್ಡ ಕನ್ನಡಿಯಲ್ಲಿ ಯಾರೋ ಬಂದರು ಅಂತ ಹೆದರುತ್ತಾರೆ. ಮಂಚದಿಂದ ಕಕ್ಕಸಿನ ಬಾಗಿಲು ಕಾಣಬೇಕು. ನಡೆಯಲು ಒಂದಿಷ್ಟು ಬಿಸಿಲು ಬೀಳುವ ಜಾಗ ಬೇಕು. ಬೀಗ ಹಾಕುವುದು ಸರಿ, ಬೆಂಕಿ ಬಿದ್ದರೆ ಬೀಗದ ಕೈ ಯಾರ ಹತ್ತಿರ ಅಂತ ಕೇಳು.

ಅಕ್ಕನ ಕೂದಲ ವಿಷಯ ಮರೆತೇನು ಅಂದುಕೊಂಡೆಯಾ? ಎಷ್ಟೋ ಹೋಮ್‌ಗಳಲ್ಲಿ ಸೇರಿದ ವಾರವೇ ಹೆಂಗಸರ ಕೂದಲು ಕತ್ತರಿಸಿ, ಸೀರೆ ಬಿಡಿಸಿ, ನೈಟಿ ತೊಡಿಸುತ್ತಾರೆ. ಹೇನು, ತೊಳೆಯುವುದು ಕಷ್ಟ ಅನ್ನುತ್ತಾರೆ. ಮುಂದೊಂದು ದಿನ ಅದು ಬೇಕಾಗಬಹುದು. ಆದರೆ ದಿನಾ ಎಣ್ಣೆ ಹಚ್ಚಿ ಬಾಚಿ ತುರುಬು ಕಟ್ಟಿ, ಒಂದು ಎಸಳು ಮಲ್ಲಿಗೆ ಇಲ್ಲದೆ ಸ್ಕೂಲಿಗೆ ಹೋಗದಿದ್ದ ಹೆಂಗಸು ಅವಳು. ಈಗಲೂ ಕೈ ತಾನಾಗಿ ತುರುಬಿಗೆ ಹೋಗುತ್ತದೆ, ಗಮನಿಸಿದ್ದೀಯಾ? ನಿನ್ನನ್ನು ಕೇಳದೆ ಕತ್ತರಿ ಹಾಕಬಾರದು ಅಂತ ಬರೆಸು. ದಿನಾ ಆಗದಿದ್ದರೂ ಹಬ್ಬಹುಣ್ಣಿಮೆಗೆ ಸೀರೆ ಉಡಿಸುತ್ತಾರೆಯೇ, ಹಣೆಗೆ ಇಡುತ್ತಾರೆಯೇ ಕೇಳು. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಮೆಷಿನ್ನು ಇವು ಹೋಮ್‌ನಲ್ಲಿ ಬಹಳ ಕಳೆಯುತ್ತವೆ. ಹೆಸರು ಹಾಕಿ ಕಳಿಸು, ಹೋದಾಗಲೆಲ್ಲ ಎದುರಿಗಿರುವವರ ಮೂಗಿನ ಮೇಲಿರುವುದು ಅವರವರ ಕನ್ನಡಕವೇ ಅಂತ ನೋಡು. ಊಟ ಹೇಗಿದೆ ಅನ್ನುವುದಕ್ಕೆ ಮೆನು ಕಾರ್ಡ್ ಓದಬೇಡ, ಒಂದು ಹೊತ್ತು ಅಲ್ಲೇ ಉಂಡು ಬಾ.

ದುಡ್ಡಿನ ಕರಾರು ಓದುವಾಗ ನಿನ್ನ ತಂಗಿಯನ್ನೂ ವಿಡಿಯೋ ಕಾಲಿನಲ್ಲಿ ಕೂರಿಸಿಕೋ, ಅರ್ಧ ಅವಳು ಕೊಡುವವಳು. ತಿಂಗಳ ಬಾಬ್ತಿನ ಮೇಲೆ ಡೈಪರ್, ಔಷಧಿ, ಫಿಸಿಯೋಥೆರಪಿ, ಆಂಬುಲೆನ್ಸ್ ಎಲ್ಲ ಬೇರೆ ಬರುತ್ತವೆ. ಕಳೆದ ತಿಂಗಳ ಒಂದು ನಿಜವಾದ ಬಿಲ್ಲನ್ನು ಹೆಸರು ಮುಚ್ಚಿ ತೋರಿಸಿ ಅನ್ನು. ಆಸ್ಪತ್ರೆಗೆ ಸೇರಿಸಿದರೆ ಪಕ್ಕದಲ್ಲಿರುವವರು ಯಾರು? ಎಲ್ಲಕ್ಕಿಂತ ಮುಖ್ಯ, ಯಾವ ಸ್ಥಿತಿ ಬಂದರೆ "ಕರೆದುಕೊಂಡು ಹೋಗಿ" ಅನ್ನುತ್ತಾರೆ? ಹಾಸಿಗೆ ಹಿಡಿದರೆ, ಹೊಡೆಯಲು ಬಂದರೆ, ಮೂಗಿನ ನಳಿಕೆ ಹಾಕಿದರೆ ಇಟ್ಟುಕೊಳ್ಳುವುದಿಲ್ಲ ಅನ್ನುವ ಸಾಲು ಕರಾರಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಂಥ ಸಾಲಿದ್ದರೆ, ಎರಡು ವರ್ಷ ಆದ ಮೇಲೆ ಅತಿ ಕಷ್ಟದ ಹೊತ್ತಿನಲ್ಲಿ ನೀನು ಮತ್ತೆ ಜಾಗ ಹುಡುಕಬೇಕು. ಇನ್ನೊಂದು, ಅಕ್ಕ ನಿನಗೆ ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ಅವಳ ಬುದ್ಧಿ ಸ್ವಾಧೀನ ತಪ್ಪಿದ ಮೇಲೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಬೇಗ ವಕೀಲರನ್ನು ಕಾಣು. ನವೆಂಬರ್‌ನಲ್ಲಿ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಮಾಡಿಸಲು ಹೋಮ್‌ನವರು ಅನುಕೂಲ ಮಾಡಿಕೊಡುತ್ತಾರೆಯೇ ಅಂತಲೂ ಕೇಳಿರು.

"ಸೇರಿಸಿದ ಮೇಲೆ ಹದಿನೈದು ದಿನ ಬರಬೇಡಿ, ಹೊಂದಿಕೊಳ್ಳಲಿ" ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಭಾನುವಾರ ಹತ್ತರಿಂದ ಹನ್ನೆರಡು ಮಾತ್ರ ಬನ್ನಿ ಅನ್ನುವವರನ್ನಂತೂ ಬಿಟ್ಟುಬಿಡು. ಬೇರೆ ಬೇರೆ ಹೊತ್ತಿಗೆ ಹೋಗು, ನೀನೊಮ್ಮೆ, ಸೊಸೆಯೊಮ್ಮೆ. ತಿಂಗಳಿಗೊಮ್ಮೆ ತೂಕ ಬರೆಸು. ತೂಕ ಇಳಿಯುತ್ತಾ ಹೋದರೆ ಬಾಯಲ್ಲಿ ಏನೇ ಹೇಳಲಿ, ಊಟ ಸರಿಯಾಗಿ ಹೋಗುತ್ತಿಲ್ಲ, ಇಲ್ಲವೇ ಕಾಯಿಲೆ ಬೇರೇನೋ ಇದೆ.

ಎಲ್ಲಿಂದ ಶುರು ಮಾಡಲಿ ಅಂದೆಯಲ್ಲ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರ ಡಿಮೆನ್ಷಿಯಾ ಕೇಂದ್ರವಿದೆ. 1992ರಿಂದ ಈ ಕಾಯಿಲೆಗೆಂದೇ ಕೆಲಸ ಮಾಡುತ್ತಿರುವ ಆಲ್ಜೈಮರ್ಸ್ ಸಂಘದ ಬೆಂಗಳೂರು ಶಾಖೆಯೂ ಇದೆ. ಹಿರಿಯರ ಸಹಾಯವಾಣಿ 14567. ಇವರನ್ನೆಲ್ಲ ವಿಚಾರಿಸು. ಆದರೆ ಎಷ್ಟೇ ಹೆಸರಿದ್ದರೂ ಮೇಲೆ ಹೇಳಿದ್ದನ್ನೆಲ್ಲ ಅಲ್ಲಿಯೂ ನೋಡಿಯೇ ನಿರ್ಧಾರ ಮಾಡು. ಹಗಲು ಮಾತ್ರ ನೋಡಿಕೊಳ್ಳುವ ಡೇ ಕೇರ್ ಸಿಕ್ಕಿದರೆ ಮೊದಲು ಅಲ್ಲಿಗೆ ಕಳಿಸಿ ನೋಡುವುದೂ ಒಂದು ದಾರಿ. ಅಕ್ಕನಿಗೆ ಜಾಗ ಪರಿಚಯವಾಗುತ್ತದೆ, ನಿಮಗೆ ಅಲ್ಲಿನವರು ಪರಿಚಯವಾಗುತ್ತಾರೆ.

ಯಾವುದೂ ಮನಸ್ಸಿಗೆ ಬರದಿದ್ದರೆ ಅವಸರದಲ್ಲಿ ಒಪ್ಪಿಕೊಳ್ಳಬೇಡ. ಅಕ್ಕನನ್ನು ನಮ್ಮ ಮನೆಗೆ ಕಳಿಸು ಅನ್ನುತ್ತಿದ್ದೆ, ಆದರೆ ಹೊಸ ಮನೆ ಅಂದರೆ ಅವಳ ಗೊಂದಲ ಹೆಚ್ಚುತ್ತದೆ. ನಾನೇ ಬಂದು ನಿಮ್ಮಲ್ಲಿರುತ್ತೇನೆ. ರಾತ್ರಿ ಪಾಳಿ ನನಗೆ ಹೊಸದಲ್ಲ, ಸೊಸೆ ಅಷ್ಟು ದಿನವಾದರೂ ನಿದ್ದೆ ಮಾಡಲಿ. ಶನಿವಾರ ಬೆಳಗಿನ ರೈಲಿಗೆ ಹೊರಡುತ್ತೇನೆ. ಅಷ್ಟರೊಳಗೆ ನೋಡಬೇಕೆಂದಿರುವ ಮೂರು ನಾಲ್ಕು ಜಾಗಗಳ ವಿಳಾಸ, ಅಕ್ಕನ ಹಳೆಯ ಚೀಟಿಗಳು, ಈಗ ಕೊಡುತ್ತಿರುವ ಮಾತ್ರೆಗಳ ಪಟ್ಟಿ ಒಂದು ಫೈಲಿನಲ್ಲಿ ಹಾಕಿಟ್ಟಿರು.